ದೇವಳಾಲಿಯ ಗಣಿತದ ಮಾಸ್ತರರು

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕವಿಗಳ, ದಾಸರ, ಏಕೀಕರಣಕ್ಕಾಗಿ ದುಡಿದ ಹಿರಿಯರ ಚರಿತ್ರೆಗಳು ಬರುವುದು ರೂಢಿ. ಅದು ಯೋಗ್ಯವೂ ಹೌದು. ಈ ಸಲ ನಾವು ಬರೆಯಹೊರಟಿರುವುದು ಕವಿಯೂ ಅಲ್ಲದ, ಕನ್ನಡಿಗರೂ ಅಲ್ಲದ ಒಬ್ಬ ಶಾಲಾಮಾಸ್ತರರ ವಿಷಯ. ಇದು ಇಲ್ಲಿಗೇಕೆ ಎಂದು ವಾಚಕರು ಕೇಳಿಯಾರು. ಸಂಜೆ ದಾದರದಲ್ಲಿ ಗಾಡಿ ಹಿಡಿದು, ನೂಕುನುಗ್ಗಲಲ್ಲಿ ಬೆವರಿ, ಡೊಂಬಿವಲಿಯಲ್ಲಿ ಇಳಿಯುವ ನಮ್ಮ ಬಂಧುಗಳು ಕಡಿಮೆಯಿಲ್ಲ. ಆ ನಿಲ್ದಾಣದ ಹೆಸರನ್ನು ಹೊತ್ತ ಒಂದು ಸಂಖ್ಯಾಕುಲವೇ ಗಣಿತಶಾಸ್ತ್ರದಲ್ಲಿ ಇದೆಯೆಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ನಮಗೂ ಬಹುಕಾಲ ಗೊತ್ತಿರಲಿಲ್ಲ. ಅದೇ ಸಂಖ್ಯಾಕುಲದ ಒಂದು ಸಂಖ್ಯೆ ಸಾವಿರದ ನೂರು ವರ್ಷಗಳಿಗೂ ಹಿಂದೆ ನಮ್ಮ ನೃಪತುಂಗನ ರಾಜ್ಯದಲ್ಲಿ ಎಣಿಕೆಗೆ ಬಂದಿತ್ತೆಂದು ತಿಳಿದ ಮೇಲಂತೂ ಬರೆಯದೆ ಇರಲಾಗಲಿಲ್ಲ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ಹುಟ್ಟಿದುದು ೧೯೦೫ನೆಯ ಇಸವಿ ಜನವರಿ ೧೭ರಂದು, ಡಹಾಣುವಿನಲ್ಲಿ. ಮುಂಬಯಿಯ ಉತ್ತರಕ್ಕೆ, ಕಡಲಂಚಿನಲ್ಲಿ, ಚಿಕ್ಕೂ ತೋಟಗಳ ನಡುವೆ ಇರುವ ಊರು ಅದು. ಈಗ ಅಲ್ಲಿಯವರೆಗೆ ಲೋಕಲ್ ಗಾಡಿಗಳು ಓಡುತ್ತವೆ. ಆಗ ಅದು ಮುಂಬಯಿಯವರಿಗೆ ದೂರದ ಪರಸ್ಥಳ. ತಂದೆ ರಾಮಚಂದ್ರರು ಗುಮಾಸ್ತರು. ತಾಯಿ ಮಗನಿಗೆ ಎಂಟು ವರ್ಷವಾದಾಗಲೇ ತೀರಿಕೊಂಡರು. ತಾಯಿಯಿಲ್ಲದ ಹುಡುಗನಿಗೆ ತಂದೆಯ ಸಂಗವೇ ಸಂಗ. ತಂದೆಗೋ ಜ್ಯೋತಿಷ್ಯದ ಗೀಳು. ಜಾತಕ ಹಾಕುವುದೆಂದರೆ ಕೂಡುವುದು, ಕಳೆಯುವುದು, ಭಾಗಿಸುವುದು, ಶೇಷ ನೋಡುವುದು. ಗ್ರಹಗಳ ಫಲ ಎಷ್ಟು ನಿಜವೋ ನಾವು ಹೇಳಲಾರೆವು, ಆ ಲೆಕ್ಕದ ಫಲ ಮಾತ್ರ ಮಗನಿಗೆ ಹತ್ತಿತು. ಅಂಕಿಗಳೊಡನೆ ಆಡುವುದು ಅವನಿಗೆ ಗೋಲಿಯಾಟದಷ್ಟೇ ಸಹಜವಾಯಿತು.

ಹೈಸ್ಕೂಲಿನ ಓದು ಠಾಣೆಯಲ್ಲಿ ನಡೆಯಿತು. ಸಂಖ್ಯೆಗಳ ಒಗಟು ಬಿಡಿಸುವುದರಲ್ಲಿ ಗಂಟೆಗಟ್ಟಲೆ ಕಳೆಯುವ ಅಭ್ಯಾಸ ಅಲ್ಲಿಯೇ ಬಲಿಯಿತು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜು. ಕೇಂಬ್ರಿಜ್ಜಿನಲ್ಲಿ ೧೮೯೯ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯರಾದ ಪರಾಂಜಪೆಯವರು ಪ್ರಿನ್ಸಿಪಾಲರಾಗಿದ್ದ ಕಾಲೇಜು ಅದು. ಅವರ ಹೆಸರಿನಲ್ಲಿ ಸ್ವತಂತ್ರ ಗಣಿತರಚನೆಗೆಂದು ಇಟ್ಟ ಬಹುಮಾನವನ್ನು ೧೯೨೭ರಲ್ಲಿ ಕಾಪ್ರೇಕರರು ಗಳಿಸಿದರು. ೧೯೨೯ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಆದರು. ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರೂ ಆಗ ಇದೇ ವಿಶ್ವವಿದ್ಯಾನಿಲಯದ ಪದವೀಧರರು. ನಮ್ಮಲ್ಲಿ ಕೆಲವರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಂದಿರ ಆ ಪ್ರಮಾಣಪತ್ರ ಇನ್ನೂ ಇರಬಹುದು.

ಕಾಪ್ರೇಕರರ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಎಂ.ಎ. ಇಲ್ಲ, ವಿಲಾಯತಿ ಪ್ರಯಾಣವಿಲ್ಲ. ೧೯೩೦ರಲ್ಲಿ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾಮಾಸ್ತರಿಕೆಗೆ ಸೇರಿದರು. ೧೯೬೨ರಲ್ಲಿ ಅಲ್ಲಿಯೇ ನಿವೃತ್ತರಾದರು. ಕಸಾರಾ ಘಾಟು ಹತ್ತಿ ಇಗತ್‌ಪುರಿ ದಾಟಿದ ಮೇಲೆ, ನಾಸಿಕ ರೋಡಿಗೆ ಮುಂಚೆ ಸಿಗುವ ಫೌಜಿನ ಛಾವಣಿಯ ಊರು ದೇವಳಾಲಿ. ಮೂವತ್ತೆರಡು ವರ್ಷ ಒಂದೇ ಊರು, ಅದೇ ಕರಿಹಲಗೆ, ಅದೇ ಸುಣ್ಣದ ಕಡ್ಡಿ. ಜೀವನದ ಹೊರಗಿನ ಕತೆ ಇಷ್ಟೇ. ಒಳಗಿನ ಕತೆಯೆಲ್ಲ ಅಂಕಿಗಳದು.

ಈಗ ಡೊಂಬಿವಲಿಗೆ ಬರೋಣ. ಬೋರಿಬಂದರದಿಂದ ಸುಮಾರು ಮೂವತ್ತು ಮೈಲಿ ದೂರದ ಈ ನಿಲ್ದಾಣವನ್ನು ಹಿಂದೆ ಡೆಮ್ಲೊ ಎನ್ನುತ್ತಿದ್ದರು. ಅಂದಿನ ಜಿ.ಐ.ಪಿ. ರೈಲ್ವೆ ೧೯೫೧ರಲ್ಲಿ ಮಧ್ಯ ರೈಲ್ವೆಯಾಯಿತು. ಈ ನಿಲ್ದಾಣದಲ್ಲಿ ಕಾಪ್ರೇಕರರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರ ಹೊಳೆಯಿತು; ಅವಕ್ಕೆ ಡೆಮ್ಲೊ ಸಂಖ್ಯೆಗಳೆಂದೇ ಹೆಸರಿಟ್ಟರು. ಲಕ್ಷಣ ಸುಲಭ. ಸಂಖ್ಯೆಯನ್ನು ಎಡ, ನಡು, ಬಲ ಎಂದು ಮೂರು ತುಂಡು ಮಾಡಬೇಕು. ಎಡಬಲಗಳನ್ನು ಕೂಡಿಸಿದರೆ ನಡುವಿನ ಅಂಕಿಯೇ ಬರಬೇಕು, ಒಂಟಿಯಾಗಿಯೋ ಸಾಲಾಗಿಯೋ. ೧೬೫ರಲ್ಲಿ ೧ ಮತ್ತು ೫ ಕೂಡಿ ೬. ೨೫೫೩ರಲ್ಲಿ ೨ ಮತ್ತು ೩ ಕೂಡಿ ೫. ಇವುಗಳಲ್ಲಿ ಅತ್ಯಂತ ಚೆಲುವಾದ ಸಾಲು ೧, ೧೨೧, ೧೨೩೨೧, ೧೨೩೪೩೨೧ ಎಂದು ಬೆಳೆಯುವುದು. ೧೨೩೪೩೨೧ರಲ್ಲಿ ಎಡಕ್ಕೆ ೧೨೩, ಬಲಕ್ಕೆ ೩೨೧, ಕೂಡಿದರೆ ೪೪೪. ನಡುವೆ ೪ ಕುಳಿತೇ ಇದೆ. ಇವೆಲ್ಲ ಪೂರ್ಣವರ್ಗಗಳು ಕೂಡ: ೧೧ನ್ನು ೧೧ರಿಂದ ಗುಣಿಸಿದರೆ ೧೨೧, ೧೧೧ನ್ನು ೧೧೧ರಿಂದ ಗುಣಿಸಿದರೆ ೧೨೩೨೧. ಒಂಬತ್ತು ಒಂದುಗಳವರೆಗೆ ಈ ಗೋಪುರ ನೆಟ್ಟಗೆ ನಿಲ್ಲುತ್ತದೆ. ಹತ್ತನೆಯ ಒಂದು ಬಂದಾಗ ದಶಕ ಏರಿ ಶಿಖರ ಕುಸಿದು ೧೨೩೪೫೬೭೯೦೦೯೮೭೬೫೪೩೨೧ ಆಗುತ್ತದೆ.

ಇಲ್ಲಿ ನಾವು ತುಸು ಹೊತ್ತು ಹಳಿ ಬದಲಿಸಬೇಕಾಗಿದೆ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಸುಮಾರು ೮೫೦ರ ಹೊತ್ತಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದರು. ಮಾನ್ಯಖೇಟವೆಂದರೆ ಕಲಬುರ್ಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗದ ಮೂಲಕ ನೃಪತುಂಗನನ್ನು ಬಲ್ಲ ನಾವು ಅವನ ಕಾಲದ ಈ ಗಣಿತಗ್ರಂಥವನ್ನು ಅಷ್ಟಾಗಿ ನೆನೆಯುವುದಿಲ್ಲ. ೧೯೧೨ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆ ಅದು ಗೊತ್ತಾಯಿತು. ಗುಣಾಕಾರದ ಪ್ರಕರಣದಲ್ಲಿ ಮಹಾವೀರಾಚಾರ್ಯರು ಕೊರಳ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಡುತ್ತಾರೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ಬರುತ್ತವೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧: ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಅದು ಡೆಮ್ಲೊ ಸಾಲಿನ ಆರನೆಯದೇ!

ಈ ಹಾರದ ದಾರ ಎಲ್ಲಿದೆ ಎಂದು ಬಿಚ್ಚಿ ನೋಡಬಹುದು. ಆರು ಒಂದುಗಳ ೧೧೧೧೧೧ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಮಣಿಗಳು. ಅದರ ವರ್ಗದಲ್ಲಿ ಒಂದೊಂದು ಮಣಿಯೂ ಎರಡೆರಡು ಸಲ. ೩ ಮತ್ತು ೭ರ ಜೋಡಿಗಳನ್ನು ಬೇರೆ ತೆಗೆದರೆ ೨೧ರ ವರ್ಗ, ಅಂದರೆ ೪೪೧. ಉಳಿದ ೧೧, ೧೩, ೩೭ರ ಜೋಡಿಗಳು ಸೇರಿ ೫೨೯೧ರ ವರ್ಗ, ಅಂದರೆ ೨೭೯೯೪೬೮೧. ಒಂದು ಪೂರ್ಣವರ್ಗವನ್ನು ಎರಡು ಪೂರ್ಣವರ್ಗಗಳಾಗಿ ಸೀಳಿ, ಹೊಲಿಗೆ ಕಾಣದಂತೆ ಮಕ್ಕಳ ಮುಂದಿಟ್ಟ ಲೆಕ್ಕ ಅದು.

೪೪೧ ಎಂದೊಡನೆ ಧಾರವಾಡದವರಿಗೆ ಇನ್ನೊಬ್ಬರ ನೆನಪಾಗಬೇಕು. ನಮ್ಮ ವರಕವಿ ಬೇಂದ್ರೆಯವರಿಗೆ ಕಡೆಗಾಲದಲ್ಲಿ ಸಂಖ್ಯೆಗಳ ಗುಂಗು ಹತ್ತಿತ್ತು. ಅವುಗಳಲ್ಲಿ ೪೪೧ ಅವರಿಗೆ ಬಹು ಪ್ರಿಯವಾದುದು. ಅವರ ಹೆಸರೂ ದತ್ತಾತ್ರೇಯ ರಾಮಚಂದ್ರ! ಅವರೂ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ೧೯೧೮ರಲ್ಲಿ ಪದವಿ ಪಡೆದವರು, ಅವರೂ ಮಾಸ್ತರರು, ಅವರ ಮನೆಮಾತೂ ಮರಾಠಿ. ೧೯೮೧ರ ಅಕ್ಟೋಬರಿನಲ್ಲಿ ಅವರು ಕಣ್ಣು ಮುಚ್ಚಿದ್ದು ಇದೇ ಮುಂಬಯಿಯಲ್ಲಿ. ಇದೆಲ್ಲ ಕಾಕತಾಳೀಯ, ಗಣಿತವಲ್ಲ. ಆದರೂ ಬರೆಯುವಾಗ ಲೇಖನಿ ಒಂದು ಕ್ಷಣ ನಿಂತಿತೆಂದು ಒಪ್ಪಿಕೊಳ್ಳುತ್ತೇವೆ.

ಮತ್ತೆ ದೇವಳಾಲಿಗೆ. ಕಾಪ್ರೇಕರರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ್ದು ೬೧೭೪. ಇದನ್ನು ಅವರು ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಲನದಲ್ಲಿ ಮುಂದಿಟ್ಟರು. ೧೯೫೫ರಲ್ಲಿ ನ್ಯೂಯಾರ್ಕಿನ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾಲ್ಕೂ ಅಂಕಿಗಳು ಒಂದೇ ಅಲ್ಲದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಅದರಿಂದ ಏರಿಕೆಯಲ್ಲಿ ಬರೆದುದನ್ನು ಕಳೆಯಿರಿ. ಬಂದ ಸಂಖ್ಯೆಗೂ ಹಾಗೆಯೇ ಮಾಡಿರಿ; ಮೂರಂಕಿ ಬಂದರೆ ಮುಂದೆ ಸೊನ್ನೆ ಹಚ್ಚಿಕೊಳ್ಳಿರಿ. ರಾಜ್ಯ ಒಂದಾದ ೧೯೫೬ನ್ನೇ ನೋಡೋಣ. ೯೬೫೧ರಲ್ಲಿ ೧೫೬೯ ಹೋದರೆ ೮೦೮೨. ೮೮೨೦ರಲ್ಲಿ ೦೨೮೮ ಹೋದರೆ ೮೫೩೨. ೮೫೩೨ರಲ್ಲಿ ೨೩೫೮ ಹೋದರೆ ೬೧೭೪. ಇನ್ನು ಮುಂದೆ ಎಷ್ಟು ಕಳೆದರೂ ೬೧೭೪ೇ ಬರುತ್ತದೆ. ಕರ್ನಾಟಕವೆಂದು ಹೆಸರಾದ ೧೯೭೩ ಎರಡೇ ಹೆಜ್ಜೆಯಲ್ಲಿ ಅಲ್ಲಿಗೆ ಮುಟ್ಟುತ್ತದೆ. ಏಳು ಹೆಜ್ಜೆಗಿಂತ ಹೆಚ್ಚು ಯಾವ ಸಂಖ್ಯೆಗೂ ಬೇಡ. ಮಾಸ್ತರರು ಹುಟ್ಟಿದ ೧೯೦೫ಕ್ಕೆ ಮಾತ್ರ ಪೂರಾ ಏಳು ಬೇಕು: ೯೩೫೧, ೮೧೭೨, ೭೪೪೩, ೩೯೯೬, ೬೨೬೪, ೪೧೭೬, ೬೧೭೪.

ಆ ೬೧೭೪ನ್ನೂ ಒಡೆದು ನೋಡಿದರೆ ಒಂದು ೨, ಎರಡು ೩, ಮೂರು ೭. ಎರಡು, ಮೂರರ ವರ್ಗ, ಏಳರ ಘನ ಸೇರಿ ಆದ ಸಂಖ್ಯೆ. ಅದರ ಅಂಕಿಗಳ ಮೊತ್ತ ೧೮. ೧೮ರಿಂದ ಭಾಗಿಸಿದರೆ ಶೇಷವಿಲ್ಲದೆ ೩೪೩, ಏಳರ ಘನವೇ ಬರುತ್ತದೆ. ಹೀಗೆ ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳನ್ನು ಕಾಪ್ರೇಕರರು ಹರ್ಷದ ಸಂಖ್ಯೆಗಳೆಂದು ಕರೆದರು, ಹರ್ಷ ಕೊಡುವಂಥವು ಎಂಬ ಅರ್ಥದಲ್ಲಿ. ಇಂದು ಬೇರೆ ದೇಶಗಳ ಪುಸ್ತಕಗಳಲ್ಲಿಯೂ ಈ ಸಂಸ್ಕೃತ ಶಬ್ದವೇ ನಿಂತಿದೆ.

ಪಂಡಿತವರ್ಗ ಇದನ್ನು ಹೇಗೆ ಬರಮಾಡಿಕೊಂಡಿತು? ನಕ್ಕಿತು. ಇವು ಮಕ್ಕಳಾಟ, ಗಣಿತವಲ್ಲ ಎಂಬುದು ಬಹುಮಂದಿ ಪ್ರಾಧ್ಯಾಪಕರ ಅಭಿಪ್ರಾಯವಾಗಿತ್ತು. ರಾಮಾನುಜನ್ನರನ್ನು ಕೈಹಿಡಿದು ಕರೆದೊಯ್ದ ಹಾರ್ಡಿಯವರೇ ೧೯೪೦ರ ತಮ್ಮ ಪುಸ್ತಕದಲ್ಲಿ, ಹತ್ತರ ಎಣಿಕೆಯ ಪದ್ಧತಿಯನ್ನು ಆತುಕೊಂಡ ಇಂಥ ಚಮತ್ಕಾರಗಳು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಅವುಗಳಲ್ಲಿ ಏನೂ ಇಲ್ಲ ಎಂಬ ಭಾವ ತಾಳಿದ್ದರು. ದೊಡ್ಡ ಪತ್ರಿಕೆಗಳು ಕಾಪ್ರೇಕರರ ಲೇಖನಗಳನ್ನು ತೆಗೆದುಕೊಳ್ಳಲಿಲ್ಲ. ಕೆಲವು ಸಣ್ಣ ಪತ್ರಿಕೆಗಳಲ್ಲಿ ಬಂದವು. ಉಳಿದುದನ್ನು ಅವರು ತಾವೇ ಕಿರುಹೊತ್ತಗೆಗಳಾಗಿ ಮುದ್ರಿಸಿದರು. ಪ್ರಕಾಶಕರ ಜಾಗದಲ್ಲಿ ಲೇಖಕರ ಹೆಸರು, ದೇವಳಾಲಿಯ ವಿಳಾಸ. ಶಾಲಾಮಾಸ್ತರರ ಸಂಬಳದಲ್ಲಿ ಅಚ್ಚಿನ ಖರ್ಚೆಂದರೆ ಏನೆಂಬುದನ್ನು ಇಂಥ ಸಂಚಿಕೆಗಳಿಗೆ ಜಾಹೀರಾತು ಕೂಡಿಸುತ್ತ ಅಲೆಯುವ ನಮ್ಮ ಕಾರ್ಯಕರ್ತರು ಚೆನ್ನಾಗಿ ಬಲ್ಲರು. ಇಷ್ಟಾದರೂ ಅವರು ಸಮ್ಮೇಲನಗಳಿಗೆ ಹೋಗುವುದನ್ನು ಬಿಡಲಿಲ್ಲ, ಶಾಲೆಗಳು ಕರೆದಾಗ ಹೋಗಿ ಮಕ್ಕಳೆದುರು ಅಂಕಿಗಳನ್ನು ಕುಣಿಸುವುದನ್ನೂ ಬಿಡಲಿಲ್ಲ.

ಹಾರ್ಡಿಯವರ ಮಾತು ಪೂರ್ತಿ ತಪ್ಪೆಂದು ನಾವು ವಾದಿಸಲಾರೆವು. ಡೆಮ್ಲೊ ಗೋಪುರದ ಗುಟ್ಟು ಗುಣಾಕಾರದ ಪಾಟಿಯಲ್ಲಿಯೇ ಇದೆ. ಒಂದುಗಳನ್ನು ಸರಿಸಿ ಸರಿಸಿ ಬರೆದು ಕೂಡಿಸಿದರೆ ಏರಿಳಿತ ಬರಲೇಬೇಕು. ಆದರೆ ಕಾಪ್ರೇಕರರ ಹೆಸರನ್ನೇ ಹೊತ್ತ ಸಂಖ್ಯೆಗಳ ವಿಷಯ ಹಾಗಲ್ಲ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಓದಿದರೆ ಒಳ್ಳೆಯದು.

೪೫ರ ವರ್ಗ ೨೦೨೫. ಅದನ್ನು ನಡುವೆ ತುಂಡರಿಸಿ ೨೦ ಮತ್ತು ೨೫ ಕೂಡಿಸಿದರೆ ಮತ್ತೆ ೪೫. ೫೫ರ ವರ್ಗ ೩೦೨೫. ೩೦ ಮತ್ತು ೨೫ ಸೇರಿ ೫೫. ೨೯೭ರ ವರ್ಗ ೮೮೨೦೯. ೮೮ ಮತ್ತು ೨೦೯ ಸೇರಿ ೨೯೭. ೭೦೩ರ ವರ್ಗ ೪೯೪೨೦೯. ೪೯೪ ಮತ್ತು ೨೦೯ ಸೇರಿ ೭೦೩. ಇವು ಕಾಪ್ರೇಕರ ಸಂಖ್ಯೆಗಳು. ೪೫ ಮತ್ತು ೫೫ ಕೂಡಿ ನೂರು, ೨೯೭ ಮತ್ತು ೭೦೩ ಕೂಡಿ ಸಾವಿರ ಆಗುವುದನ್ನು ಗಮನಿಸಬೇಕು.

ಹೀಗೇಕೆ? ೨೦೨೫ ಎಂದರೆ ೨೦ ನೂರುಗಳು ಮತ್ತು ೨೫. ಅದರಿಂದ ೨೦ನ್ನೂ ೨೫ನ್ನೂ ಕಳೆದರೆ ಉಳಿಯುವುದು ೨೦ ತೊಂಬತ್ತೊಂಬತ್ತುಗಳು. ಇತ್ತ ೪೫ರ ವರ್ಗದಿಂದ ೪೫ನ್ನು ಕಳೆದರೆ ೪೫ ಸಲ ೪೪. ಆದ್ದರಿಂದ ೪೫ ಮತ್ತು ೪೪ರ ಗುಣಲಬ್ಧವು ೯೯ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ೯೯ರಲ್ಲಿರುವುದು ಎರಡು ಮೂರುಗಳು, ಒಂದು ಹನ್ನೊಂದು. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರುವುದಿಲ್ಲವಷ್ಟೆ. ಹಾಗಾಗಿ ಎರಡು ಮೂರುಗಳನ್ನು ಇಬ್ಬರೂ ಹಂಚಿಕೊಳ್ಳುವಂತಿಲ್ಲ. ಮೂರರ ವರ್ಗವಾದ ೯ ಇಡಿಯಾಗಿ ಒಬ್ಬನ ಪಾಲಿಗೇ ಹೋಗಬೇಕು. ೯ ಇತ್ತ ಬಂದು ೧೧ ಅತ್ತ ಹೋದರೆ ೪೫ ಮತ್ತು ೪೪. ೧೧ ಇತ್ತ ಬಂದು ೯ ಅತ್ತ ಹೋದರೆ ೫೫ ಮತ್ತು ೫೪. ಎರಡೂ ಇತ್ತಲೇ ಬಂದರೆ ೯೯. ಅದರ ವರ್ಗ ೯೮೦೧, ೯೮ಕ್ಕೆ ೧ ಸೇರಿಸಿದರೆ ೯೯. ಎರಡೂ ಅತ್ತ ಹೋದರೆ ಉಳಿಯುವುದು ಬರೀ ೧. ಅವಿಭಕ್ತ ಕುಟುಂಬದ ಹೊಲದ ಹಾಗೆ: ತುಂಡು ಮಾಡಬಾರದು, ಯಾರಿಗಾದರೂ ಒಬ್ಬರಿಗೆ ಪೂರ್ತಿ ಕೊಡಬೇಕು.

೯೯೯ರಲ್ಲಿ ಮೂರು ಮೂರುಗಳು, ಒಂದು ೩೭. ಮೂರರ ಘನ ೨೭ ಒಡೆಯದೆ ಹೋಗಬೇಕು. ೨೯೭ರಲ್ಲಿ ೨೭ ಇದೆ, ಅದರ ಹಿಂದಿನ ೨೯೬ರಲ್ಲಿ ೩೭ ಇದೆ. ೭೦೩ರಲ್ಲಿ ೩೭, ೭೦೨ರಲ್ಲಿ ೨೭. ೯೯೯೯ಕ್ಕೆ ಬಂದರೆ ೯, ೧೧, ೧೦೧ ಎಂಬ ಮೂರು ಗಂಟುಗಳು, ಆದ್ದರಿಂದ ಎಂಟು ಹಂಚಿಕೆ. ಅವುಗಳಲ್ಲಿ ಒಂದು ೨೨೨೩, ಅದರ ಜೊತೆಗಾರ ೭೭೭೭. ೨೨೨೩ರ ವರ್ಗ ೪೯೪೧೭೨೯, ೭೭೭೭ರ ವರ್ಗ ೬೦೪೮೧೭೨೯. ಎರಡರ ಬಾಲದಲ್ಲಿಯೂ ರಾಮಾನುಜನ್ನರ ಟ್ಯಾಕ್ಸಿಯ ನಂಬರು ೧೭೨೯ ಕಾಣಿಸುತ್ತದೆ! ಆರು ಒಂಬತ್ತುಗಳಿಗೆ ಬಂದರೆ ೨೭, ೭, ೧೧, ೧೩, ೩೭ ಎಂದು ಐದು ಗಂಟುಗಳು, ಮೂವತ್ತೆರಡು ಹಂಚಿಕೆ. ಪ್ರಸಿದ್ಧವಾದ ೧೪೨೮೫೭ ಈ ಮನೆಯದೇ. ಮಹಾವೀರಾಚಾರ್ಯರ ಹಾರದ ೭, ೧೧, ೧೩, ೩೭ ಇಲ್ಲಿ ಮತ್ತೆ ಬಂದು ನಿಂತುದನ್ನು ವಾಚಕರು ಕಂಡಿರಬೇಕು. ಮೂರೊಂದು ಮಾತ್ರ ಘನವಾಗಿ ಬೆಳೆದಿದೆ.

ಈ ಸಂಬಂಧವನ್ನು ಪೂರ್ತಿಯಾಗಿ ಸಾಧಿಸಿ, ಒಂದೊಂದು ಹಂಚಿಕೆಗೂ ಒಂದೊಂದೇ ಕಾಪ್ರೇಕರ ಸಂಖ್ಯೆಯೆಂದು ಡಗ್ಲಸ್ ಇಯನುಚ್ಚಿ ಎಂಬ ಗಣಿತಜ್ಞರು ತೋರಿಸಿದ್ದು ೨೦೦೦ದಲ್ಲಿ. ಮಾಸ್ತರರು ತೀರಿಕೊಂಡು ಆಗ ಹದಿನಾಲ್ಕು ವರ್ಷ. ಅಂಕಿಗಳ ಆಟವೆಂದು ನಕ್ಕದ್ದರ ಕೆಳಗೆ ಅವಿಭಾಜ್ಯ ಸಂಖ್ಯೆಗಳೂ ಅವುಗಳ ಪೂರ್ಣ ಘಾತಗಳೂ ಬೇರು ಬಿಟ್ಟಿದ್ದವು. ಕಾಪ್ರೇಕರರು ಆ ಬೇರಿನವರೆಗೆ ಅಗೆಯಲಿಲ್ಲ ಎನ್ನುವುದು ನ್ಯಾಯ. ಗಿಡವನ್ನು ಕಂಡವರು, ನೀರೆರೆದವರು ಅವರು ಎನ್ನುವುದೂ ನ್ಯಾಯ.

ಅವರ ಇನ್ನೊಂದು ಶೋಧ ನಮಗೆ ಇನ್ನೂ ಹಿಡಿಸುತ್ತದೆ. ಒಂದು ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನು ಕೂಡಿಸುತ್ತ ಹೋಗಬೇಕು: ೩೭, ೪೭, ೫೮, ೭೧, ೭೯. ಒಂದೊಂದು ಸಂಖ್ಯೆಯೂ ಮುಂದಿನದಕ್ಕೆ ಜನಕ. ೧೦೧ಕ್ಕೆ ೯೧ ಮತ್ತು ೧೦೦ ಎಂದು ಇಬ್ಬರು ಜನಕರು. ಆದರೆ ೨೦ಕ್ಕೆ ಯಾರೂ ಇಲ್ಲ. ೩೧, ೪೨, ೫೩, ೬೪, ೭೫, ೮೬, ೯೭ಕ್ಕೂ ಇಲ್ಲ. ತಂದೆತಾಯಿಯಿಲ್ಲದ ಇವುಗಳನ್ನು ಅವರು ಅನಾಥವೆನ್ನಲಿಲ್ಲ, ಸ್ವಯಂಭೂ ಎಂದರು. ೧೯೫೯ರಲ್ಲಿ ಇದರ ಮೇಲೆ ಅವರ ಪುಸ್ತಕ ಬಂತು. ದೇವಳಾಲಿ ಸಂಖ್ಯೆಗಳೆಂಬ ಹೆಸರೂ ಇವಕ್ಕೆ ಇದೆ.

ನಿವೃತ್ತಿಯ ನಂತರದ ದಿನಗಳು ಸುಖದವಲ್ಲ. ಪತ್ನಿ ೧೯೬೬ರಲ್ಲಿ ತೀರಿಕೊಂಡರು. ಖರ್ಚನ್ನು ಎಷ್ಟು ಹಿಡಿದರೂ ಪಿಂಚಣಿ ಸಾಲದೆ, ಗಣಿತ ವಿಜ್ಞಾನಗಳ ಮನೆಪಾಠ ಹೇಳಿ ಜೀವನ ಸಾಗಿಸಬೇಕಾಯಿತು. ಎಪ್ಪತ್ತರ ವಯಸ್ಸಿನಲ್ಲಿ, ೧೯೭೫ರ ಮಾರ್ಚಿ ತಿಂಗಳಲ್ಲಿ, ಅಮೇರಿಕೆಯ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರರು ಕಾಪ್ರೇಕರರ ವಿಷಯ ಬರೆದರು. ಅಲ್ಲಿಂದ ದೇವಳಾಲಿಯ ಹೆಸರು ದೇಶದೇಶಗಳ ಗಣಿತಪ್ರಿಯರಿಗೆ ಪರಿಚಯವಾಯಿತು. ಹಾರ್ಡಿಯವರು ಗುರುತಿಸಿಕೊಟ್ಟ ಒಗಟಿನ ಅಂಕಣದ ಮೂಲಕವೇ ಮಾಸ್ತರರು ಲೋಕಕ್ಕೆ ಬಂದುದು ಒಂದು ವಿಚಿತ್ರ. ಪಿಂಚಣಿ ಮಾತ್ರ ಅದರಿಂದ ಹೆಚ್ಚಲಿಲ್ಲ.

ಅವರು ೧೯೮೬ರಲ್ಲಿ, ದೇವಳಾಲಿಯಲ್ಲಿಯೇ ದೇಹ ಬಿಟ್ಟರು. ಈ ಲೇಖನವನ್ನು ಬರೆಯುತ್ತಿದ್ದಾಗ ಮನೆಯ ಮಕ್ಕಳು ಕಾಗದ ಎಳೆದುಕೊಂಡು ಆ ಇಸವಿಯನ್ನೂ ಕಳೆದು ನೋಡಿದರು: ೮೧೭೨, ೭೪೪೩, ೩೯೯೬, ೬೨೬೪, ೪೧೭೬, ೬೧೭೪. ಹುಟ್ಟಿದ ಇಸವಿಗಿಂತ ಒಂದು ಹೆಜ್ಜೆ ಕಡಿಮೆ.